ಒಂದು ಪೌಂಡಿಗೆ ಮಾರಿದ ಕ್ಲಬ್, ಅಡಮಾನಕ್ಕೆ ಬಿದ್ದ ಮೈದಾನ: ಬೆರಿ ಎಫ್‌ಸಿ ಪ್ರಕರಣ

2018ರ ಡಿಸೆಂಬರಿನಲ್ಲಿ ಇಂಗ್ಲೆಂಡಿನ ಬೆರಿ ಫುಟ್ಬಾಲ್ ಕ್ಲಬ್ ಒಂದು ಪೌಂಡಿಗೆ ಮಾರಾಟವಾಯಿತು. ಆಗಿನ ಲೆಕ್ಕದಲ್ಲಿ ಸುಮಾರು 90 ರೂಪಾಯಿ. ಕೊಟ್ಟವರು ಸ್ಟುವರ್ಟ್ ಡೇ, ಕೊಂಡವರು ಸ್ಟೀವ್ ಡೇಲ್. ವರ್ಷ ತುಂಬುವ ಮೊದಲೇ, 2019ರ ಆಗಸ್ಟ್ 27ರಂದು, ಇಂಗ್ಲಿಷ್ ಫುಟ್ಬಾಲ್ ಲೀಗ್ ಆ ಕ್ಲಬ್ಬನ್ನು ಹೊರಗೆ ಹಾಕಿತು. 1885ರಲ್ಲಿ ಹುಟ್ಟಿ, 1894ರಿಂದ ಲೀಗಿನಲ್ಲಿ ಆಡುತ್ತ ಬಂದಿದ್ದ ಕ್ಲಬ್ ಅದು. ಇಂಗ್ಲೆಂಡಿನ ಹಳೆಯ ನಾಕೌಟ್ ಟೂರ್ನಮೆಂಟಾದ ಎಫ್‌ಎ ಕಪ್ ಎರಡು ಸಲ ಗೆದ್ದಿತ್ತು, 1900ರಲ್ಲೊಮ್ಮೆ, 1903ರಲ್ಲೊಮ್ಮೆ. ಎರಡನೆಯ ಸಲ ಫೈನಲಿನಲ್ಲಿ ಡರ್ಬಿ ಕೌಂಟಿಯನ್ನು 6–0ರಿಂದ ಸೋಲಿಸಿತು. ಎಫ್‌ಎ ಕಪ್ ಫೈನಲಿನ ಈ ಗೆಲುವಿನ ಅಂತರವನ್ನು ಇನ್ನೊಂದು ತಂಡ ಸರಿಗಟ್ಟಿದ್ದು 2019ರ ಮೇ ತಿಂಗಳಲ್ಲಿ. ಬೆರಿ ಲೀಗಿನಿಂದ ಹೊರಬಿದ್ದದ್ದು ಅದೇ ವರ್ಷ.

ಕಾಸರಗೋಡಿನಲ್ಲಿ ಕೂತು ಈ ಪ್ರಕರಣ ಬರೆಯುವುದಕ್ಕೆ ಕಾರಣ ಉಂಟು. ಕುಂಬಳೆ ಕಡೆಯ ಒಂದು ಸಣ್ಣ ಕ್ಲಬ್ಬಿನ ಲೆಕ್ಕಪತ್ರ ನೋಡುವ ಕೆಲಸ ನನ್ನದು. ತೃಕ್ಕರಿಪುರ, ಮೊಗ್ರಾಲ್‌ಗಳ ಹೆಸರು ಫುಟ್ಬಾಲಿನಿಂದಲೇ ದೂರದೂರಕ್ಕೆ ಹೋಗಿದೆ. ನಮ್ಮದು ಅಷ್ಟು ದೊಡ್ಡದಲ್ಲ. ಮಳೆ ಬಿಟ್ಟ ಮೇಲೆ ತಂಡಕ್ಕೆ ಏಳೇ ಮಂದಿಯ ಸೆವೆನ್ಸ್ ಟೂರ್ನಮೆಂಟ್ ನಡೆಸುತ್ತೇವೆ, ಅಡಿಕೆ ಮರದ ಗ್ಯಾಲರಿ ಕಟ್ಟುತ್ತೇವೆ, ವರ್ಷದ ಕೊನೆಗೆ ಸ್ವಲ್ಪ ಸಾಲ ಉಳಿಸಿಕೊಳ್ಳುತ್ತೇವೆ. ಈ ಸಲದ ಮಹಾಸಭೆಯಲ್ಲಿ ಗಲ್ಫಿನಲ್ಲಿ ವ್ಯಾಪಾರ ಇರುವ ನಮ್ಮೂರಿನವರೇ ಒಬ್ಬರ ಪ್ರಸ್ತಾಪ ಬಂತು: ಸಾಲ ಪೂರ್ತಿ ತೀರಿಸುತ್ತಾರೆ, ಮೈದಾನ ಸಮತಟ್ಟು ಮಾಡಿಸಿ ಫ್ಲಡ್‌ಲೈಟ್ ಹಾಕಿಸುತ್ತಾರೆ, ಜಾಗೆ ಮಾತ್ರ ಅವರು ಮಾಡುವ ಟ್ರಸ್ಟಿನ ಹೆಸರಿಗೆ ಆಗಬೇಕು. ಹುಡುಗರು ಚಪ್ಪಾಳೆ ತಟ್ಟಿದರು. ಹಿಂದಿನ ಸಾಲಿನಲ್ಲಿದ್ದ ಹಿರಿಯರೊಬ್ಬರು ಎದ್ದು ನಿಂತು, “ಎಲ್ಲ ಸರಿ ಮಾರಾಯ್ರೇ, ನಾಳೆ ಅವರ ವ್ಯಾಪಾರ ಬಿದ್ರೆ ಆಧಾರ ಯಾರ ಕೈಯಲ್ಲಿರ್ತದೆ?” ಎಂದು ಕೇಳಿದರು. ಆಧಾರ ಎಂದರೆ ಜಾಗೆಯ ಹಕ್ಕುಪತ್ರ. ಪ್ರಸ್ತಾಪ ತಂದವರ ಮನಸ್ಸಿನ ಬಗ್ಗೆ ಯಾರಿಗೂ ಸಂಶಯ ಇರಲಿಲ್ಲ, ನನಗೂ ಇಲ್ಲ. ಆದರೆ ಹಿರಿಯರ ಪ್ರಶ್ನೆಗೆ ಸಭೆಯಲ್ಲಿ ಯಾರೂ ಉತ್ತರ ಕೊಡಲಿಲ್ಲ. ಕಮಿಟಿಯವರೆಲ್ಲ ಓದಲಿ, ಬೇರೆ ಕ್ಲಬ್ಬಿನವರಿಗೂ ಉಪಯೋಗವಾಗಲಿ ಎಂದು ಇದನ್ನು ಬರೆದಿದ್ದೇನೆ.

ಸಾಲ ಬೆಳೆದ ಬಗೆ

ಬೆರಿ ಮ್ಯಾಂಚೆಸ್ಟರಿನ ಉತ್ತರಕ್ಕಿರುವ ಸಣ್ಣ ಪಟ್ಟಣ. ಮ್ಯಾಂಚೆಸ್ಟರ್ ಯುನೈಟೆಡ್, ಮ್ಯಾಂಚೆಸ್ಟರ್ ಸಿಟಿ ಎರಡೂ ಅಲ್ಲೇ ಪಕ್ಕದಲ್ಲಿ. ಊರಿನ ಅರ್ಧ ಮಕ್ಕಳು ಆ ಜೆರ್ಸಿ ಹಾಕಿಕೊಂಡೇ ಬೆಳೆಯುವಾಗ ಮೂರನೆಯ, ನಾಲ್ಕನೆಯ ದರ್ಜೆಯಲ್ಲಿ ಆಡುವ ಕ್ಲಬ್ಬಿಗೆ ಟಿಕೆಟ್ ಹಣದಿಂದ ಹೊಟ್ಟೆ ತುಂಬುವುದಿಲ್ಲ. 2002ರಲ್ಲೂ ಒಮ್ಮೆ ಕ್ಲಬ್ ದಿವಾಳಿಯ ಅಂಚಿಗೆ ಬಂದಿತ್ತು. ಲೀಗಿನ ಪ್ರಸಾರ ಹಕ್ಕು ಕೊಂಡಿದ್ದ ಐಟಿವಿ ಡಿಜಿಟಲ್ ಕುಸಿದು ಬರಬೇಕಾದ ಹಣ ನಿಂತಾಗ ಅಭಿಮಾನಿಗಳೇ ಚಂದಾ ಎತ್ತಿ ಉಳಿಸಿಕೊಂಡರು.

ಡೇ ಬಂದದ್ದು 2013ರಲ್ಲಿ. ಅವರದು ಕಟ್ಟಡ ಕಟ್ಟಿಸಿ ಮಾರುವ ವ್ಯವಹಾರ, ಮುಖ್ಯವಾಗಿ ವಿದ್ಯಾರ್ಥಿಗಳ ವಸತಿ ಕಟ್ಟಡಗಳು. ಕ್ಲಬ್ಬನ್ನು ಮೇಲಕ್ಕೆ ತರುತ್ತೇನೆ ಎಂದರು, ಒಳ್ಳೆಯ ಸಂಬಳ ಕೊಟ್ಟು ಆಟಗಾರರನ್ನು ತಂದರು. ಗಮನಿಸಬೇಕಾದ್ದು ಆ ಹಣ ಲೆಕ್ಕಪುಸ್ತಕದಲ್ಲಿ ಯಾವ ಕಾಲಮ್ಮಿಗೆ ಹೋಯಿತು ಎಂಬುದನ್ನು. ಅದರಲ್ಲಿ ಹೆಚ್ಚಿನ ಪಾಲು ದಾನವಾಗಿ ಬಂದದ್ದಲ್ಲ. ಡೇ ಅವರ ಕಂಪನಿ ಮೆಡರ್ಕೊ ಕ್ಲಬ್ಬಿಗೆ ಕೊಟ್ಟ ಸಾಲವಾಗಿ ಜಮೆಯಾಯಿತು. ಹೊರಗಿನವರಿಗೆ ‘ಮಾಲೀಕರು ಇಷ್ಟು ಹಾಕಿದರು’ ಎಂದು ಕೇಳಿಸಿದ್ದೆಲ್ಲ ಪುಸ್ತಕದಲ್ಲಿ ‘ಕ್ಲಬ್ ಇಷ್ಟು ಕೊಡಬೇಕು’ ಎಂದಿತ್ತು. ನಮ್ಮಲ್ಲಿಯೂ ಟೂರ್ನಮೆಂಟಿಗೆ ಕೈಯಿಂದ ಹಾಕಿದ ಹಣ ದೇಣಿಗೆಯೋ ಕೈಸಾಲವೋ ಎಂದು ರಶೀದಿಯಲ್ಲಿ ಬರೆಯದೆ ಬಿಟ್ಟು ಎರಡು ವರ್ಷದ ಮೇಲೆ ಜಗಳವಾಗುವುದನ್ನು ನೋಡಿದ್ದೇನೆ.

ಆಮೇಲೆ ಮೈದಾನದ ಸರದಿ. ಗಿಗ್ ಲೇನ್ ಬೆರಿಯ ಮನೆ, ಕ್ಲಬ್ ಹುಟ್ಟಿದ ವರ್ಷದಿಂದಲೂ. ಆ ಜಮೀನು ಮೂಲದಲ್ಲಿ ಅರ್ಲ್ ಆಫ್ ಡರ್ಬಿ ಮನೆತನದ್ದು. 1922ರಲ್ಲಿ ಅರ್ಲ್ ಅದನ್ನು ಕ್ಲಬ್ಬಿಗೆ ಉಡುಗೊರೆಯಾಗಿ ಕೊಟ್ಟರು. ಹೀಗೆ ಉಚಿತವಾಗಿ ಸಿಕ್ಕ ಜಾಗೆಯ ಮೇಲೆ ದುಬಾರಿ ಬಡ್ಡಿಯ ಸಾಲ ಎತ್ತಲಾಯಿತು. ಕೊನೆಗೆ ಲೆಕ್ಕಕ್ಕೆ ಸಿಕ್ಕಾಗ ಅಡವಿನ ಸಾಲ 37 ಲಕ್ಷ ಪೌಂಡಿನಷ್ಟಿತ್ತು. ಕ್ರೀಡಾಂಗಣದ ಕಾರ್ ಪಾರ್ಕಿಂಗ್ ಜಾಗಗಳನ್ನೂ ಬಿಡಿಬಿಡಿಯಾಗಿ ಹೂಡಿಕೆದಾರರಿಗೆ ಕೊಡಲಾಗಿತ್ತು. ಆಟ ನೋಡಲು ಬರುವವನಿಗೆ ಇದೊಂದೂ ಕಾಣಿಸುವುದಿಲ್ಲ. ಹುಲ್ಲು ಹಸಿರಾಗಿಯೇ ಇರುತ್ತದೆ, ಗೋಲ್ ಪೋಸ್ಟ್ ನಿಂತಲ್ಲೇ ನಿಂತಿರುತ್ತದೆ.

ನನ್ನ ಅಭಿಪ್ರಾಯದಲ್ಲಿ ಬೆರಿಯ ಕಥೆ ಮುಗಿದದ್ದು ಮೈದಾನದ ಮೇಲೆ ಆ ಸಾಲದ ಪತ್ರಕ್ಕೆ ಸಹಿ ಬಿದ್ದ ದಿನ. ಒಂದು ಪೌಂಡಿನ ಮಾರಾಟ ಅದರ ಫಲ. ಪತ್ರಿಕೆಗಳು ಆ ಒಂದು ಪೌಂಡನ್ನೇ ದೊಡ್ಡದು ಮಾಡಿದವು. ಹೊಣೆಯೇ ಹೆಚ್ಚಾಗಿ ಆಸ್ತಿಯೇ ಉಳಿಯದ ಕಂಪನಿಯ ಬೆಲೆ ಅಷ್ಟೇ ಇರುವುದು. ಮೈದಾನ ಬಾಧ್ಯತೆ ಇಲ್ಲದೆ ಕ್ಲಬ್ಬಿನ ಕೈಯಲ್ಲೇ ಇದ್ದಿದ್ದರೆ ಕೊಳ್ಳಲು ಬರುವವರು ಬೇರೆ ಜನ ಆಗುತ್ತಿದ್ದರು, ಬೆಲೆಯೂ ಬೇರೆ ಆಗುತ್ತಿತ್ತು.

ಮಾರಾಟ ಮೊದಲು, ಪ್ರಶ್ನೆ ಆಮೇಲೆ

ಡೇಲ್ ಫುಟ್ಬಾಲಿನ ಮನುಷ್ಯ ಅಲ್ಲ. ಬೆರಿಯಲ್ಲಿ ಒಂದು ಫುಟ್ಬಾಲ್ ಕ್ಲಬ್ ಇದೆ ಎಂಬುದೇ ತನಗೆ ಗೊತ್ತಿರಲಿಲ್ಲ ಎಂದು ಅವರೇ ಆಮೇಲೆ ಸಂದರ್ಶನದಲ್ಲಿ ಹೇಳಿದರು. ಕ್ಲಬ್ ನಡೆಸುವಷ್ಟು ಹಣ ತನ್ನಲ್ಲಿದೆ ಎಂಬುದಕ್ಕೆ ಲೀಗ್ ಒಪ್ಪುವಂಥ ದಾಖಲೆ ಕೊಡುವ ಮೊದಲೇ ಕ್ಲಬ್ ಅವರದಾಗಿತ್ತು. ಲೀಗ್ ಆ ದಾಖಲೆಯನ್ನು ತಿಂಗಳುಗಟ್ಟಲೆ ಕೇಳುತ್ತಲೇ ಹೋಯಿತು. ಹೆಣ್ಣು ಕೊಟ್ಟು ಕಳಿಸಿದ ಮೇಲೆ ಗಂಡಿನ ಮನೆ ವಿಚಾರಿಸಿದ ಹಾಗಾಯಿತು ಇದು.

ಈ ನಡುವೆ ತಂಡ ಮಾತ್ರ ಚೆನ್ನಾಗಿ ಆಡುತ್ತಿತ್ತು. ರಯಾನ್ ಲೋ ಎಂಬ ಮಾಜಿ ಆಟಗಾರ ಮ್ಯಾನೇಜರ್. 2018–19ರ ಋತುವಿನಲ್ಲಿ ಬೆರಿ ನಾಲ್ಕನೆಯ ದರ್ಜೆಯಾದ ಲೀಗ್ ಟೂನಲ್ಲಿ ಎರಡನೆಯ ಸ್ಥಾನಕ್ಕೆ ಬಂದು ಲೀಗ್ ಒನ್‌ಗೆ ಬಡ್ತಿ ಪಡೆಯಿತು. ಏಪ್ರಿಲ್ ಕೊನೆಯಲ್ಲಿ ಟ್ರಾನ್‌ಮಿಯರ್ ಎದುರಿನ ಪಂದ್ಯ ಸಮ ಆದಾಗ ಬಡ್ತಿ ಖಾತ್ರಿಯಾಯಿತು. ಆಗ ಮೈದಾನದಲ್ಲಿ ಕುಣಿದ ಹುಡುಗರಿಗೆ ಸಂಬಳ ಸರಿಯಾಗಿ ಸಿಕ್ಕಿರಲಿಲ್ಲ. ಬಾಡಿಗೆ ಕಟ್ಟಲು, ಮನೆ ಸಾಲದ ಕಂತು ತುಂಬಲು ಕಷ್ಟಪಡುತ್ತಿದ್ದ ಹನ್ನೊಂದು ಮಂದಿ ಕ್ಲಬ್ಬನ್ನು ಮೇಲಕ್ಕೆತ್ತಿದರು, ಕಚೇರಿಯಲ್ಲಿ ಕೂತವರು ಕೆಳಕ್ಕೆಳೆದರು. ಬೇಸಿಗೆಯಲ್ಲಿ ಲೋ ಪ್ಲಿಮತ್‌ಗೆ ಹೋದರು, ಆಟಗಾರರು ಒಬ್ಬೊಬ್ಬರಾಗಿ ಬಿಟ್ಟು ಹೊರಟರು.

ಜುಲೈಯಲ್ಲಿ ಸಾಲಗಾರರ, ಎಂದರೆ ಕ್ಲಬ್ಬಿನಿಂದ ಹಣ ಬರಬೇಕಾಗಿದ್ದವರ, ಜೊತೆ ಒಪ್ಪಂದ. ಇಂಗ್ಲೆಂಡಿನ ಕಾನೂನಿನಲ್ಲಿ ಇದಕ್ಕೊಂದು ದಾರಿ ಉಂಟು: ಕಂಪನಿ ಮುಚ್ಚದೆ, ‘ಇಷ್ಟು ಭಾಗ ಕೊಡುತ್ತೇನೆ, ಉಳಿದದ್ದು ಬಿಟ್ಟುಬಿಡಿ’ ಎಂದು ಸಾಲಗಾರರನ್ನು ಕೇಳಬಹುದು. ಸಾಲದ ಮೊತ್ತದ ಲೆಕ್ಕದಲ್ಲಿ ಮುಕ್ಕಾಲು ಪಾಲು ಮತ ಬಿದ್ದರೆ ಒಪ್ಪದವರೂ ಒಪ್ಪಬೇಕು. ಬೆರಿಯಲ್ಲಿ ಆಟಗಾರರಂಥ ಫುಟ್ಬಾಲ್ ಸಾಲಗಾರರಿಗೆ ಪೂರ್ತಿ ಹಣ, ಭದ್ರತೆ ಇಲ್ಲದ ಇತರರಿಗೆ ಕಾಲು ಭಾಗ ಎಂದಾಯಿತು. ಕ್ಲಬ್ಬಿಗೆ ಸಾಮಾನು ಕೊಟ್ಟ, ರಿಪೇರಿ ಮಾಡಿದ ಊರಿನ ಸಣ್ಣ ವ್ಯಾಪಾರಿಗಳು ನೂರಕ್ಕೆ ಇಪ್ಪತ್ತೈದು ತೆಗೆದುಕೊಳ್ಳಬೇಕು. ಲೀಗಿನ ನಿಯಮದಂತೆ ಹನ್ನೆರಡು ಅಂಕ ಕಡಿತವೂ ಸೇರಿತು.

ಆ ಮತದಾನದ ಒಳಗುಟ್ಟನ್ನು ಸ್ವಲ್ಪ ಬಿಡಿಸಿ ಹೇಳಬೇಕು. ಡೇ ಅವರ ಮೆಡರ್ಕೊ ಅಷ್ಟರಲ್ಲಿ ಬಿದ್ದುಹೋಗಿ, ದಿವಾಳಿಯಾದ ಕಂಪನಿಗಳನ್ನು ನೋಡಿಕೊಳ್ಳುವ ಆಡಳಿತಾಧಿಕಾರಿಗಳ ಕೈಗೆ ಸೇರಿತ್ತು. ಅದು ಕ್ಲಬ್ಬಿಗೆ ಕೊಟ್ಟಿದ್ದ ಸಾಲವೂ ಈಗ ಮಾರಬಹುದಾದ ವಸ್ತು. ಆಗಷ್ಟೇ ಹುಟ್ಟಿದ ಒಂದು ಕಂಪನಿ 70 ಲಕ್ಷ ಪೌಂಡಿಗೂ ಮಿಕ್ಕಿದ ಆ ಸಾಲವನ್ನು 70,000 ಪೌಂಡಿಗೆ ಕೊಂಡಿತು. ಆ ಕಂಪನಿ ಹೊಸ ಮಾಲೀಕರ ಕುಟುಂಬಕ್ಕೆ ಹತ್ತಿರದವರದು ಎಂದು ಬ್ರಿಟಿಷ್ ಪತ್ರಿಕೆಗಳು ವರದಿ ಮಾಡಿದವು. ಕೊಟ್ಟದ್ದು ನೂರರಲ್ಲೊಂದು ಪಾಲು ಹಣ, ಮತ ಬಂದದ್ದು ಪೂರ್ತಿ ಮೊತ್ತಕ್ಕೆ. ಸಾಲಗಾರರ ಸಭೆಯಲ್ಲಿ ದೊಡ್ಡ ಧ್ವನಿ ಯಾರದಾಗಿತ್ತು ಎಂದು ಬೇರೆ ಹೇಳಬೇಕಾಗಿಲ್ಲ. ನಮ್ಮ ದೇಶದ 2016ರ ದಿವಾಳಿ ಸಂಹಿತೆಯಲ್ಲಿ ಸಾಲಗಾರನೇ ಕಂಪನಿಯ ಸಂಬಂಧಪಟ್ಟವನಾಗಿದ್ದರೆ ಸಾಲಗಾರರ ಸಮಿತಿಯಲ್ಲಿ ಅವನಿಗೆ ಮತ ಇಲ್ಲ. ಸಂಬಂಧ ಎಂದರೆ ಎಲ್ಲಿಯವರೆಗೆ ಎಂಬ ವಾದ ಇಲ್ಲಿಯೂ ನಡೆಯುತ್ತದೆ, ಆದರೂ ನಿಯಮ ಬರವಣಿಗೆಯಲ್ಲಿದೆ. ಸಾಲ ಎಂಬುದು ಕೈಯಿಂದ ಕೈಗೆ ಹೋಗುತ್ತದೆ, ಹೋಗುವಾಗ ಅಧಿಕಾರವನ್ನೂ ಜೊತೆಗೆ ಒಯ್ಯುತ್ತದೆ. ನಮ್ಮೂರಿನ ಕೊಡುಗೆದಾರರು ಎಷ್ಟೇ ಒಳ್ಳೆಯವರಿರಲಿ, ನಾಳೆ ಅವರ ಪತ್ರಗಳು ಯಾರ ಮೇಜಿನ ಮೇಲೆ ಇರುತ್ತವೆ ಎಂದು ಅವರಿಗೂ ಗೊತ್ತಿರುವುದಿಲ್ಲ.

ಆಗಸ್ಟ್ 27

ಹೊಸ ಋತು ಶುರುವಾದರೂ ಬೆರಿ ಆಡಲಿಲ್ಲ. ಹಣದ ದಾಖಲೆ ಬರಲಿಲ್ಲ ಎಂದು ಲೀಗ್ ಒಂದೊಂದೇ ಪಂದ್ಯ ತಡೆಯಿತು. ಲೀಗ್ ಕಪ್ಪಿನಿಂದಲೂ ಹೊರಗೆ ಹಾಕಿತು. ಹಿಂದೆ ಕ್ಲಬ್ಬಿನ ನಿರ್ದೇಶಕಿಯಾಗಿದ್ದ ಮಹಿಳೆಯೊಬ್ಬರು ಕ್ರೀಡಾಂಗಣದ ಗೋಡೆಯ ನೀರಿನ ಪೈಪಿಗೆ ಕೈಕೋಳ ಹಾಕಿಕೊಂಡು ನಿಂತರು. ಅಭಿಮಾನಿಗಳು ಗೇಟಿನ ಎದುರು ಶವಪೆಟ್ಟಿಗೆ ತಂದಿಟ್ಟರು. ಕೊನೆಯ ಗಡುವು ಆಗಸ್ಟ್ 23ರ ನಡುರಾತ್ರಿ. ಅಷ್ಟರಲ್ಲಿ ಸಿ ಅಂಡ್ ಎನ್ ಸ್ಪೋರ್ಟಿಂಗ್ ರಿಸ್ಕ್ ಎಂಬ ಸಂಸ್ಥೆ ಕೊಳ್ಳಲು ಮುಂದೆ ಬಂತು ಎಂದು ಲೀಗ್ ಅದನ್ನು 27ರ ಸಂಜೆ ಐದು ಗಂಟೆಗೆ ಮುಂದೂಡಿತು.

27ರ ಬೆಳಿಗ್ಗೆ ನೂರಾರು ಜನ ಗಿಗ್ ಲೇನಿಗೆ ಬಂದರು. ವಾರಾಂತ್ಯಕ್ಕೆ ಪಂದ್ಯ ಇದ್ದೇ ಇರುತ್ತದೆ ಎಂಬ ನಂಬಿಕೆ. ಪೊರಕೆ, ಬಕೆಟ್, ಬಟ್ಟೆ ಹಿಡಿದು ಬಂದು ಸೀಟು ಒರೆಸಿದರು, ಕಸ ಗುಡಿಸಿದರು. ಅವರು ಕೆಲಸ ಮಾಡುತ್ತಿದ್ದಾಗಲೇ ಮಧ್ಯಾಹ್ನದ ಹೊತ್ತಿಗೆ ಸುದ್ದಿ ಬಂತು: ಕ್ಲಬ್ಬಿನ ಹಣಕಾಸಿನ ಜಟಿಲತೆ ನೋಡಿದ ಮೇಲೆ ಸಿ ಅಂಡ್ ಎನ್ ಹಿಂದೆ ಸರಿದಿದೆ. ಅಡವು, ಸಾಲಗಾರರ ಒಪ್ಪಂದ, ಪಾರ್ಕಿಂಗ್ ಜಾಗದ ಗುತ್ತಿಗೆ, ಹಳೆಯ ಬಾಕಿ ಇಷ್ಟೂ ಕಡತಗಳನ್ನು ನಾಲ್ಕು ದಿನದಲ್ಲಿ ಓದಿ ಮುಗಿಸಲು ಯಾರಿಗೂ ಆಗುವ ಕೆಲಸ ಅಲ್ಲ. ರಾತ್ರಿ ಲೀಗ್ ಹೊರಹಾಕಿದ ತೀರ್ಮಾನ ಪ್ರಕಟಿಸಿತು. 1992ರಲ್ಲಿ ಮೇಡ್‌ಸ್ಟೋನ್ ಯುನೈಟೆಡ್ ಹೋದ ಮೇಲೆ ಲೀಗ್ ಕಳೆದುಕೊಂಡ ಮೊದಲ ಕ್ಲಬ್ ಬೆರಿ. ಆ ವರ್ಷ ಲೀಗ್ ಒನ್ 23 ತಂಡಗಳಲ್ಲೇ ನಡೆಯಿತು.

ಕೆಲವೇ ಮೈಲಿ ದೂರದ ಬೋಲ್ಟನ್ ವಾಂಡರರ್ಸ್ ಕೂಡ ಅದೇ ವಾರ ಅದೇ ಕುಣಿಕೆಯಲ್ಲಿತ್ತು. ಮರುದಿನವೇ ಅದಕ್ಕೆ ಕೊಳ್ಳುವವರು ಸಿಕ್ಕಿದರು, ಕ್ಲಬ್ ಬದುಕಿತು. ಅಲ್ಲಿ ಆಡಳಿತಾಧಿಕಾರಿಗಳು ಮೊದಲೇ ಬಂದು ಕೂತಿದ್ದರು, ಮಾರುವ ಅಧಿಕಾರ ಅವರದಾಗಿತ್ತು. ಬೆರಿಯಲ್ಲಿ ಆ ಅಧಿಕಾರ ಕೊನೆಯ ಗಂಟೆಯ ತನಕವೂ ಒಬ್ಬ ಮಾಲೀಕನ ಕೈಯಲ್ಲಿತ್ತು.

ಸತ್ತ ಮೇಲಿನ ಆಸ್ತಿ ಜಗಳ

ಜಿಲ್ಲೆಯಲ್ಲಿ ಕ್ಲಬ್ ನಡೆಸುವವರೆಲ್ಲ ನಿಂತು ನೋಡಬೇಕಾದ ಭಾಗ ಇದು. ಲೀಗಿನಿಂದ ಹೊರಬಿದ್ದರೂ ಕಂಪನಿ ಮುಚ್ಚಲಿಲ್ಲ. ಮಾಲೀಕರು ಡೇಲ್ ಅವರೇ, ಹೆಸರು ಅವರದೇ, ಗಿಗ್ ಲೇನಿಗೆ ಬೀಗ. ಅಭಿಮಾನಿಗಳಲ್ಲಿ ಒಂದು ಪಾಳಯ, ‘ಕಾಯುವುದರಲ್ಲಿ ಅರ್ಥ ಇಲ್ಲ, ಹೊಸದು ಕಟ್ಟೋಣ’ ಎಂದಿತು. ಬೆರಿ ಎಎಫ್‌ಸಿ ಹುಟ್ಟಿತು. ಸದಸ್ಯರೇ ಮಾಲೀಕರಾದ ಸಂಘ, ಪಕ್ಕದ ರ‍್ಯಾಡ್‌ಕ್ಲಿಫ್ ಕ್ಲಬ್ಬಿನ ಮೈದಾನ ಹಂಚಿಕೊಂಡು ಆಟ, 2020ರಿಂದ ಹತ್ತನೆಯ ದರ್ಜೆಯಲ್ಲಿ. ಇನ್ನೊಂದು ಪಾಳಯ, ‘ಗಿಗ್ ಲೇನ್ ಬಿಟ್ಟರೆ ಬೆರಿಯೇ ಅಲ್ಲ’ ಎಂದು ಹಳೆಯ ಮನೆ ಬಿಡಿಸಿಕೊಳ್ಳಲು ಹೊರಟಿತು.

2020ರ ನವೆಂಬರಿನಲ್ಲಿ ಹಳೆಯ ಕಂಪನಿ ಆಡಳಿತಾಧಿಕಾರಿಗಳ ಕೈಗೆ ಹೋಯಿತು. 2022ರ ಫೆಬ್ರವರಿಯಲ್ಲಿ ಎರಡನೆಯ ಪಾಳಯದವರು ಮೈದಾನವನ್ನೂ ಕ್ಲಬ್ಬಿನ ಹೆಸರು, ಇತಿಹಾಸದ ಹಕ್ಕನ್ನೂ ಕೊಂಡರು. ಸರಕಾರದ ಸಮುದಾಯ ಮಾಲೀಕತ್ವ ನಿಧಿಯಿಂದ 10 ಲಕ್ಷ ಪೌಂಡ್ ಬಂತು, ದಾನಿಗಳ ಹಣ ಸೇರಿತು. ನೂರು ವರ್ಷದ ಹಿಂದೆ ಪುಕ್ಕಟೆ ಸಿಕ್ಕಿದ್ದ ಜಾಗೆಯನ್ನು ಹಣ ಕೊಟ್ಟು ವಾಪಸ್ ತಂದದ್ದು.

ಈಗ ಒಬ್ಬರ ಹತ್ತಿರ ತಂಡ ಇದೆ, ಮೈದಾನ ಇಲ್ಲ. ಇನ್ನೊಬ್ಬರ ಹತ್ತಿರ ಮೈದಾನ, ಹೆಸರು ಇದೆ, ತಂಡ ಇಲ್ಲ. ಒಂದಾಗುವುದೇ ದಾರಿ ಎಂದು ಎಲ್ಲರಿಗೂ ಗೊತ್ತಿತ್ತು. ಊರಿನ ಕೌನ್ಸಿಲ್ ಕೂಡ ಒಂದಾದರೆ ಮಾತ್ರ ತನ್ನ 4.5 ಲಕ್ಷ ಪೌಂಡ್ ಎಂದಿತು. 2022ರ ಅಕ್ಟೋಬರಿನಲ್ಲಿ ಎರಡೂ ಸಂಘಗಳಲ್ಲಿ ಮತದಾನ. ಎರಡೂ ಕಡೆ ನೂರಕ್ಕೆ 66 ಬೇಕಿತ್ತು. ಮೈದಾನದ ಪಾಳಯದಲ್ಲಿ ಭಾರೀ ಬಹುಮತ ಬಂತು. ತಂಡ ಇದ್ದ ಪಾಳಯದಲ್ಲಿ 63ಕ್ಕೆ ನಿಂತಿತು. ಮೂರು ವರ್ಷ ಬೆವರು ಸುರಿಸಿ ಸ್ವಂತ ಕ್ಲಬ್ ಕಟ್ಟಿದವರ ಅಂಜಿಕೆ ಸಣ್ಣದಲ್ಲ. ಮತ್ತೆ ಮೇಲಿನಿಂದ ಯಾರೋ ಆಳುತ್ತಾರೆ, ದೊಡ್ಡ ಕ್ರೀಡಾಂಗಣದ ಖರ್ಚು ಮತ್ತೆ ಸಾಲಕ್ಕೆ ತಳ್ಳುತ್ತದೆ ಎಂಬುದು ಅದರ ತಿರುಳು. ಅವರನ್ನು ಹಟಮಾರಿಗಳು ಎಂದು ತಳ್ಳಿಹಾಕುವುದು ಅನ್ಯಾಯ. ಒಮ್ಮೆ ಸುಟ್ಟುಕೊಂಡವರ ಎಚ್ಚರ ಅದು. ನಮ್ಮ ಕಡೆ ಒಡೆದು ಎರಡಾದ ಕ್ಲಬ್ಬುಗಳಲ್ಲಿ ಎಷ್ಟೋ ವರ್ಷವಾದರೂ ಒಂದು ಕಪ್ ಚಹಾ ಒಟ್ಟಿಗೆ ಕುಡಿಯದವರು ಇದ್ದಾರೆ. ಬೆರಿಯಲ್ಲಿ ಹಾಗಾಗಲಿಲ್ಲ. ಷರತ್ತುಗಳನ್ನು ಮತ್ತೆ ಕೂತು ಬರೆದರು. 2023ರ ಮೇಯಲ್ಲಿ ಎರಡನೆಯ ಮತದಾನ, ಎರಡೂ ಕಡೆ ಬೇಕಾದಷ್ಟು ಮತ. ಬೆರಿ ಎಫ್‌ಸಿ ಎಂಬ ಹೆಸರಿನಲ್ಲಿ, ಗಿಗ್ ಲೇನಿನಲ್ಲಿ, ಒಂಬತ್ತನೆಯ ದರ್ಜೆಯಲ್ಲಿ ಮತ್ತೆ ಆಟ. 2025ರಲ್ಲಿ ಆ ದರ್ಜೆ ಗೆದ್ದು ಒಂದು ಮೆಟ್ಟಿಲು ಮೇಲೆ ಹೋಯಿತು.

ಕಾನೂನೂ ಬಂತು. ಬೆರಿಯ ನೋವು ಎದುರಿಗಿಟ್ಟುಕೊಂಡೇ ಬ್ರಿಟನ್ನಿನ ಮಾಜಿ ಕ್ರೀಡಾ ಸಚಿವೆ ಟ್ರೇಸಿ ಕ್ರೌಚ್ ಅವರ ನೇತೃತ್ವದ ಸಮಿತಿ 2021ರ ನವೆಂಬರಿನಲ್ಲಿ ವರದಿ ಕೊಟ್ಟಿತು. 2025ರ ಜುಲೈಯಲ್ಲಿ ಫುಟ್ಬಾಲ್ ಆಡಳಿತ ಕಾಯಿದೆಗೆ ಅಂಗೀಕಾರ ಸಿಕ್ಕಿ ಸ್ವತಂತ್ರ ನಿಯಂತ್ರಕನ ಸ್ಥಾಪನೆಗೆ ದಾರಿಯಾಯಿತು. ಮೇಲಿನ ಐದು ದರ್ಜೆಗಳ ಕ್ಲಬ್ಬುಗಳು ತಮ್ಮ ಮೈದಾನವನ್ನು ಮಾರುವುದಕ್ಕೂ ಸಾಲಕ್ಕೆ ಭದ್ರತೆಯಾಗಿ ಇಡುವುದಕ್ಕೂ ಇನ್ನು ನಿಯಂತ್ರಕನ ಒಪ್ಪಿಗೆ ಬೇಕು.

ನಮ್ಮ ದೇಶದಲ್ಲಿ ಅಂಥ ರಕ್ಷಣೆ ಇಲ್ಲ. 1997ರಲ್ಲಿ ಹುಟ್ಟಿ ಅದೇ ವರ್ಷ ಡುರಾಂಡ್ ಕಪ್ ಗೆದ್ದ ಎಫ್‌ಸಿ ಕೊಚ್ಚಿನ್ ಐದೇ ವರ್ಷದಲ್ಲಿ ಹಣವಿಲ್ಲದೆ ನಿಂತುಹೋಯಿತು. 2022ರ ಮಾರ್ಚಿನಲ್ಲಿ ಗೋವಾದಲ್ಲಿ ಕೇರಳ ಬ್ಲಾಸ್ಟರ್ಸ್ ತಂಡವನ್ನು ಪೆನಾಲ್ಟಿಯಲ್ಲಿ ಸೋಲಿಸಿ ಇಂಡಿಯನ್ ಸೂಪರ್ ಲೀಗ್ (ಐಎಸ್‌ಎಲ್) ಗೆದ್ದ ಹೈದರಾಬಾದ್ ಎಫ್‌ಸಿ ನೆನಪಿರಬಹುದು. ಅಂದು ಈ ಜಿಲ್ಲೆಯ ಹೈವೇಯಲ್ಲಿ ಗೋವಾಕ್ಕೆ ಹೋಗುವ ಬ್ಲಾಸ್ಟರ್ಸಿನ ಹಳದಿ ಬಾವುಟಗಳೇ. ಎರಡು ವರ್ಷದೊಳಗೆ ಆ ಹೈದರಾಬಾದ್ ಆಟಗಾರರಿಗೆ ಸಂಬಳ ಕೊಡಲಾಗದೆ ಕುಸಿಯಿತು. 2024ರಲ್ಲಿ ಮಾಲೀಕರು ಬದಲಾದರು, 2025ರಲ್ಲಿ ಕ್ಲಬ್ ದೆಹಲಿಗೆ ಹೋಯಿತು. ಹೈದರಾಬಾದಿನ ಅಭಿಮಾನಿಗೆ ಮತ ಹಾಕುವುದಕ್ಕೆ ಸಂಘವೂ ಇಲ್ಲ, ಬಿಡಿಸಿಕೊಳ್ಳುವುದಕ್ಕೆ ಸ್ವಂತ ಮೈದಾನವೂ ಇಲ್ಲ.

ನಮ್ಮ ಕ್ಲಬ್ಬಿನ ಮುಂದೆ

ಒಂದು ಅನುಕೂಲ ನಮಗೆ ಹುಟ್ಟಿನಿಂದಲೇ ಉಂಟು. ಮಲಬಾರು ಭಾಗದ ಬಹುತೇಕ ಸಂಘಗಳ ಹಾಗೆ ನಮ್ಮ ಕ್ಲಬ್ಬೂ 1860ರ ಸಂಘಗಳ ನೋಂದಣಿ ಕಾಯಿದೆಯ ಕೆಳಗೆ ಇದೆ. ಆ ಕಾಯಿದೆಯಂತೆ ಸಂಘದ ಆಸ್ತಿ ಆಡಳಿತ ಮಂಡಳಿಯ ಅಥವಾ ಟ್ರಸ್ಟಿಗಳ ವಶದಲ್ಲಿರುತ್ತದೆ. ಸಂಘ ಮುಚ್ಚಬೇಕಾದರೆ ಐದರಲ್ಲಿ ಮೂರು ಪಾಲು ಸದಸ್ಯರು ಒಪ್ಪಬೇಕು. ಮುಚ್ಚಿದರೂ ಉಳಿದ ಆಸ್ತಿಯನ್ನು ಸದಸ್ಯರು ಹಂಚಿಕೊಳ್ಳುವ ಹಾಗಿಲ್ಲ, ಇನ್ನೊಂದು ಸಂಘಕ್ಕೆ ಹೋಗಬೇಕು. ಬೆರಿಯವರು ವರ್ಷಗಟ್ಟಲೆ ಬಡಿದಾಡಿ ತಲುಪಿದ ಸದಸ್ಯರ ಮಾಲೀಕತ್ವ ನಮಗೆ ಸುಮ್ಮನೆ ಸಿಕ್ಕಿದೆ. ಜಾಗೆಯನ್ನು ಹೊರಗಿನ ಟ್ರಸ್ಟಿಗೆ ಬರೆದುಕೊಟ್ಟರೆ ಅದನ್ನು ನಾವೇ ಕೈಯಾರೆ ಬಿಟ್ಟಂತೆ.

ಕಮಿಟಿಗೆ ನಾನು ಬರೆದುಕೊಟ್ಟದ್ದು ಇಷ್ಟು. ಜಾಗೆಯ ಆಧಾರ ಕ್ಲಬ್ಬಿನ ಹೆಸರಿನಲ್ಲೇ ಇರಲಿ, ಅದನ್ನು ಮಾರಲು ಅಥವಾ ಅಡವಿಡಲು ಮಹಾಸಭೆಯ ಮುಕ್ಕಾಲು ಪಾಲು ಮತ ಬೇಕು ಎಂದು ಬೈಲಾಕ್ಕೆ ಸೇರಿಸಬೇಕು. ಕೊಡುಗೆದಾರರ ಹಣ ದೇಣಿಗೆ ಎಂದು ರಶೀದಿಯಲ್ಲೇ ಬರೆಯಬೇಕು. ಫ್ಲಡ್‌ಲೈಟಿನ ಕಂಬದ ಮೇಲೂ ಗ್ಯಾಲರಿಯ ಮೇಲೂ ಅವರ ತಂದೆಯ ಹೆಸರು ಹಾಕೋಣ, ಅದು ಅವರಿಗೆ ಸಲ್ಲಬೇಕಾದ ಗೌರವ. ಅವರೇ ಆಡಳಿತ ಮಂಡಳಿಗೆ ಬಂದರೆ ಇನ್ನೂ ಒಳ್ಳೆಯದು, ಒಂದು ಮತದೊಂದಿಗೆ. ಫೋನಿನಲ್ಲಿ ಇದನ್ನೆಲ್ಲ ವಿವರಿಸಿದಾಗ ಅವರು ಸ್ವಲ್ಪ ಹೊತ್ತು ಸುಮ್ಮನಿದ್ದು, “ನನ್ನ ಮೇಲೆ ನಂಬಿಕೆ ಇಲ್ವಾ?” ಎಂದು ಕೇಳಿದರು. “ನಿಮ್ಮ ಮೇಲೆ ಉಂಟು. ನಿಮ್ಮ ನಂತರ ಬರುವವರು ಯಾರು ಅಂತ ನಮಗೂ ಗೊತ್ತಿಲ್ಲ, ನಿಮಗೂ ಗೊತ್ತಿಲ್ಲ” ಎಂದೆ. ರಜೆಯಲ್ಲಿ ಊರಿಗೆ ಬಂದಾಗ ಕೂತು ಮಾತಾಡೋಣ ಎಂದಿದ್ದಾರೆ. ಅಷ್ಟರೊಳಗೆ ವಿಲೇಜ್ ಆಫೀಸಿನ ತೆರಿಗೆ ರಶೀದಿಯನ್ನೂ ಸಬ್ ರಿಜಿಸ್ಟ್ರಾರ್ ಕಚೇರಿಯಿಂದ, ಜಾಗೆಯ ಮೇಲೆ ಸಾಲ, ಅಡವು ಇದೆಯೇ ಎಂದು ತೋರಿಸುವ ಬಾಧ್ಯತಾ ಪತ್ರವನ್ನೂ ತರಿಸಿ ಕಡತಕ್ಕೆ ಸೇರಿಸುವ ಕೆಲಸ ಕಾರ್ಯದರ್ಶಿಯವರಿಗೆ ವಹಿಸಿದ್ದೇವೆ.